ನೀರುಗಂಟಿ ನಲ್ಲಪ್ಪನವರಿಗೆ ಬರಿಗೈ ಮಂಜೂರು ಮಾಡುವ ಬಗ್ಗೆ

ತುರ್ತು

ದಿನಾಂಕ: ೧೮-೦೧-೨೦೦೮
ಸ್ಥಳ: ಕುಂದಲಹಳ್ಳಿ

ಇಂದ,
ಲೋಕೇಶ್, ವಯಸ್ಸು ೨೭, ಮತ್ತು
ಅವನ ಅಜ್ಜಿ ಮಾರಕ್ಕ, ವಯಸ್ಸು ಎಪ್ಪತ್ತರ ಮೇಲೆ (ದಾಖಲೆ ಇಲ್ಲ),
ಕಂಪ್ಯೂಟರ್ ಆಟದ ಅಂಗಡಿ, ಪಿ.ಜಿ. ಕಟ್ಟಡದ ನೆಲಮಹಡಿ,
ಕೆರೆ ಏರಿಯ ಹಿಂಭಾಗ, ಕುಂದಲಹಳ್ಳಿ.
ಬರೆದುಕೊಟ್ಟವರು: ಬೈರಪ್ಪ, ನಿವೃತ್ತ ಗುಮಾಸ್ತರು, ಪಂಚಾಯಿತಿ ಕಚೇರಿ.

ಗೆ,
ಬಂದೂಕಿನ ಆಟ ತಯಾರಿಸಿದ ಕಂಪನಿಯ ಮಾಲೀಕರು
(ಹೆಸರು ತಿಳಿದುಬಂದಿಲ್ಲ),
ವಿದೇಶ.

ವಿಷಯ: ತಮ್ಮ ಆಟದೊಳಗೆ ತೆಗೆಯಲಾಗುತ್ತಿರುವ ಚಲನಚಿತ್ರದಲ್ಲಿ ದಿವಂಗತ ನಲ್ಲಪ್ಪನವರು ಕೈಯಲ್ಲಿರುವುದನ್ನು ಕೆಳಗಿಟ್ಟು ಮನೆಯೊಳಗೆ ಬರಲು ಒಂದು ಬಟನ್ ಒದಗಿಸಿಕೊಡುವ ಬಗ್ಗೆ.

ಉಲ್ಲೇಖ: ೧) ಸಿ.ಡಿ. ಮೇಲೆ ಕಪ್ಪು ಮಾರ್ಕರ್ ಪೆನ್ನಿನಲ್ಲಿ ಬರೆದಿರುವ "ಗನ್ ಗೇಮ್, ವರ್ಕಿಂಗ್".
೨) ಮಾರಕ್ಕನವರ ಮೌಖಿಕ ಆದೇಶ, ದಿ. ೩೦-೧೨-೨೦೦೭.

ಮಾನ್ಯರೇ,

ಮೊದಲಿಗೆ ಸಿ.ಡಿ.ಯ ವಿಚಾರ ಮುಗಿಸಿಬಿಡುವುದು ಕ್ಷೇಮ. ತಮ್ಮ ಕಂಪನಿಯ ಹೆಸರು, ವಿಳಾಸ ಎರಡೂ ಅಸಲಿ ಸಿ.ಡಿ.ಯ ಮೇಲೆ ಇರುತ್ತವಂತೆ. ಅಸಲಿ ಸಿ.ಡಿ.ಯನ್ನು ಕುಂದಲಹಳ್ಳಿಯಲ್ಲಿ ಕಂಡವರಿಲ್ಲ. ಮಾರತ್ತಹಳ್ಳಿಯಲ್ಲಿ ವಿಚಾರಿಸಲಾಗಿ ಅಲ್ಲಿಯೂ ಕಂಡವರಿಲ್ಲ. ಕಾರಣ, ಮೇಲೆ ತಮ್ಮ ಹೆಸರಿಲ್ಲದಿರುವುದನ್ನು ಅಗೌರವವೆಂದು ಭಾವಿಸಬಾರದು, ಹಾಗೂ ಈ ಬಗ್ಗೆ ಹೆಚ್ಚು ಕೆದಕಬಾರದು.

ಈ ಅರ್ಜಿಯನ್ನು ಲೋಕೇಶ ಹೇಳಿದಂತೆ ಬೈರಪ್ಪನವರು ಬರೆದಿದ್ದಾರೆ. ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದವರು. ಅರ್ಜಿಯಿಲ್ಲದೆ ಯಾವುದೂ ಆಗುವುದಿಲ್ಲ, ಅರ್ಜಿಯಿದ್ದರೆ ಎಂದಾದರೂ ಒಂದು ದಿನ ಆಗುತ್ತದೆ ಎಂಬುದು ಅವರ ನಂಬಿಕೆ. "ಇಮೇಲ್ ಮಾಡ್ಬಿಡೋಣ ಸಾರ್" ಎಂದ ಲೋಕೇಶನಿಗೆ "ಇಮೇಲ್‌ಗೆ ಸೀಲ್ ಎಲ್ಲಿ ಹೊಡೀತಾರೋ?" ಎಂದು ಕೇಳಿ ಬಾಯಿ ಮುಚ್ಚಿಸಿದ್ದಾರೆ. ಸಂಗತಿಗಳು ಕೆಳಕಂಡಂತಿವೆ.

೧. ನಲ್ಲಪ್ಪನವರು ಮಾರಕ್ಕನವರ ಗಂಡ, ಲೋಕೇಶನ ತಾತ, ಊರಿನ ನೀರುಗಂಟಿ. ತಮ್ಮ ದೇಶದಲ್ಲಿ ಈ ಹುದ್ದೆ ಇದೆಯೋ ಇಲ್ಲವೋ ತಿಳಿಯದು, ಆದ್ದರಿಂದ ವಿವರಣೆ: ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಿ, ಮತ್ತೆ ತೂಬು ಮುಚ್ಚಿ ಬರುವವರು. ಊರಿನ ದೊಡ್ಡ ಕುಳಗಳೂ ಅವರ ಮುಂದೆ ದನಿ ತಗ್ಗಿಸಿ ಮಾತಾಡಬೇಕಿತ್ತು. ಕೈಯಲ್ಲಿ ಸದಾ ಒಂದು ಗುದ್ದಲಿ. ೧೯೭೮ರಲ್ಲಿ ತೀರಿಕೊಂಡರು. ಆ ಗದ್ದೆಗಳು ಈಗ ಅಪಾರ್ಟ್‌ಮೆಂಟುಗಳಾಗಿವೆ. ಅವಕ್ಕೆ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಟ್ಯಾಂಕರಿನವನ ಮುಂದೆಯೂ ಜನ ದನಿ ತಗ್ಗಿಸಿಯೇ ಮಾತಾಡುತ್ತಾರೆ.

೨. ಸದರಿಯವರ ಫೋಟೋ ಒಂದೂ ಇಲ್ಲ. ಪಂಚಾಯಿತಿಯವರೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡ ದಿನ "ತೂಬು ಮುಚ್ಚಿ ಬತ್ತೀನಿ, ನಿಂತಿರಿ" ಎಂದು ಹೋದವರು, ಫೋಟೋದವನು ಗಂಟುಮೂಟೆ ಕಟ್ಟಿದ ಮೇಲೆ ಬಂದರು. ಲೋಕೇಶ ಹುಟ್ಟಿದ್ದು ಅವರು ಹೋದ ಮೇಲೆ. ನೋಡಿದವರು ಮಾರಕ್ಕ. ಅವರ ಎಡಗಣ್ಣು ಈಗಾಗಲೇ ಹೋಗಿದೆ, ಬಲಗಣ್ಣಿನ ನರ ಒಣಗುತ್ತಿದೆ. "ಯುಗಾದಿವರೆಗೂ ಕಾಣ್ಬೋದು, ಆಮೇಲೆ ಹೇಳಕ್ಕಾಗಲ್ಲ" ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಅರ್ಜಿಯ ನೆತ್ತಿಯ ಮೇಲೆ "ತುರ್ತು" ಎಂದು ಬರೆದಿರುವುದು ಅಭ್ಯಾಸಬಲದಿಂದಲ್ಲ.

೩. ಲೋಕೇಶನ ಅಂಗಡಿಯಲ್ಲಿ ಆರು ಕಂಪ್ಯೂಟರುಗಳಿವೆ. ಶನಿವಾರ, ಭಾನುವಾರ ಪಿ.ಜಿ.ಯವರು ಬಂದು ಒಬ್ಬರನ್ನೊಬ್ಬರು ಗುಂಡಿಕ್ಕಿ ಕೊಂದು, ಒಟ್ಟಿಗೆ ಟೀ ಕುಡಿದು ಹೋಗುತ್ತಾರೆ. ಅವರಲ್ಲೊಬ್ಬ ಶ್ರೀಧರ್, ಎರಡನೇ ಮಹಡಿಯಲ್ಲಿದ್ದು ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ತಪ್ಪು ಹುಡುಕುವ ಕೆಲಸದವನು. ಅವನೇ ಒಂದು ದಿನ, "ಫಾರಿನ್‌ನಲ್ಲಿ ಗೇಮ್ ಒಳಗೇ ಸಿನಿಮಾ ತೆಗೀತಾರೆ ಮಗಾ, ಗೇಮ್ ಫ್ಯಾನ್ಸೇ ತೆಗೆಯೋದು. ಆಕ್ಟರ್ ಬೇಡ, ಸೆಟ್ ಬೇಡ, ಯಾರ್ ಪರ್ಮಿಷನ್ನೂ ಬೇಡ" ಎಂದು ಅಂಥ ಒಂದನ್ನು ತೋರಿಸಿದ. ಕೊನೆಯ ಮಾತಿಗೆ ಬೈರಪ್ಪನವರು ಕಿವಿ ಮುಚ್ಚಿಕೊಂಡರು. ಲೋಕೇಶನ ತಲೆಗೆ ಮಾತ್ರ ಬೇರೆಯೇ ಹುಳ ಹೊಕ್ಕಿತು. ತಾತನನ್ನು ಅಜ್ಜಿಗೆ ಒಂದು ಸಲ ತೋರಿಸಬೇಕು.

೪. ಕಾರಣ, ತಮ್ಮ ಆಟದ ಜೊತೆ ಬರುವ ಊರು ಕಟ್ಟುವ ಸಲಕರಣೆಯಲ್ಲಿ ಲೋಕೇಶ ನಾಲ್ಕು ತಿಂಗಳು ಕೂತು ಹಳೆಯ ಕುಂದಲಹಳ್ಳಿಯನ್ನು ಕಟ್ಟಿದ. ಕೆರೆ, ಏರಿ, ತೂಬು, ಬೇವಿನ ಮರ, ಎರಡು ಮೆಟ್ಟಿಲಿನ ಮನೆ. ಮಾರಕ್ಕನವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, "ಮರ ಇತ್ಲಾಗೆ ಜರುಗ್ಸು, ನೆಳ್ಳು ಬಾಗ್ಲಿಗೆ ಬೀಳ್ಬೇಕು" ಎಂದು ಅಪ್ಪಣೆ ಕೊಡುತ್ತಿದ್ದರು. ತೂಬಿನಿಂದ ಮನೆಗೆ ಎಷ್ಟು ದೂರ ಎಂಬ ಪ್ರಶ್ನೆ ಬಂತು. ಆ ದಾರಿಯಲ್ಲಿ ಈಗ ಅಪಾರ್ಟ್‌ಮೆಂಟಿನ ಕಾಂಪೌಂಡು ಇರುವುದರಿಂದ, ಮಾರಕ್ಕನವರು ಪಿ.ಜಿ.ಯ ತಾರಸಿಯ ಮೇಲೆ, ಒಣಗಲು ಹಾಕಿದ ಜೀನ್ಸ್ ಪ್ಯಾಂಟುಗಳ ನಡುವೆ ಹೋಗಿ ಬಂದು, ಕಣ್ಣು ಮುಚ್ಚಿ ಅಳೆದರು. ಇನ್ನೂರ ಹನ್ನೆರಡು ಹೆಜ್ಜೆ. ಬುತ್ತಿ ಹೊತ್ತು ದಿನಾ ನಡೆದ ಕಾಲು, ಲೆಕ್ಕ ಮರೆತಿರಲಿಲ್ಲ.

೫. ನಟನೆಯ ವಿಷಯ. ನಲ್ಲಪ್ಪನವರಾಗಿರುವ ತಮ್ಮ ಆಟದ ಸೈನಿಕನನ್ನು ಮೂರನೇ ನಂಬರಿನ ಕಂಪ್ಯೂಟರಿನಿಂದ ಲೋಕೇಶ ನಡೆಸುತ್ತಾನೆ. ಶ್ರೀಧರನು ಆರನೇ ನಂಬರಿನಿಂದ ಇನ್ನೊಬ್ಬ ಸೈನಿಕನಾಗಿ ಹಿಂದೆ ಮುಂದೆ ಓಡಾಡುತ್ತ, ತನಗೆ ಕಂಡದ್ದನ್ನು ಸಿನಿಮಾ ಮಾಡುತ್ತಾನೆ. ತಮ್ಮ ಸೈನಿಕರಿಗೆ ಬಾಯಿ ತೆರೆಯಲು ಬಾರದ್ದರಿಂದ, ಮೌಸನ್ನು ಮೇಲೆ ಕೆಳಗೆ ಆಡಿಸಿ ತಲೆ ಕುಣಿಸಿದರೆ ಮಾತಾಡಿದ ಲೆಕ್ಕ. ದನಿ ಬೈರಪ್ಪನವರದು. ಮಾರಕ್ಕನವರನ್ನು ಬಿಟ್ಟರೆ ನಲ್ಲಪ್ಪನವರ ಮಾತನ್ನು ಕಿವಿಯಾರೆ ಕೇಳಿದವರಲ್ಲಿ ಉಳಿದಿರುವುದು ಅವರೊಬ್ಬರೇ, ಗುಮಾಸ್ತಿಕೆಯ ಮೊದಲ ವರ್ಷ ನೀರಿನ ಸರದಿ ಪಟ್ಟಿ ಬರೆಯಲು ಏರಿಯ ಮೇಲೆ ಅವರ ಹಿಂದೆ ಅಲೆದವರು. ಮೊದಲ ಸಲ ರಾಜಗಾಂಭೀರ್ಯದಿಂದ ಕೂಗಿದರು. "ಅಂಗಲ್ಲ ಕಣಪ್ಪ" ಎಂದರು ಮಾರಕ್ಕ. "ಅವ್ರು ಕೂಗ್ತಿರ್ಲಿಲ್ಲ. ಮೆತ್ತಗೆ ಏಳೋರು, ಆದ್ರೂ ಆಚೆ ದಡಕ್ಕೆ ಕೇಳ್ಸೋದು." ಹದಿನಾಲ್ಕನೇ ಸಲಕ್ಕೆ ಮಾರಕ್ಕನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ಒಪ್ಪಿಗೆ ಎಂದು ದಾಖಲಿಸಲಾಯಿತು.

೬. (ಈ ಅಂಶವನ್ನು ಓದಿ ಹೇಳಿದಾಗ ಮಾರಕ್ಕನವರು ನಾಚಿಕೊಂಡು ಹೊಡೆದುಹಾಕಿಸಿದರು.)

೭. ಡಿಸೆಂಬರ್ ಎರಡನೇ ಭಾನುವಾರ ಚಿತ್ರೀಕರಣ ನಡೆದಿದ್ದಾಗ, ಐದನೇ ನಂಬರಿಗೆ ಬಂದು ಕೂತ ಪಿ.ಜಿ.ಯವನೊಬ್ಬ ಇದೂ ಮಾಮೂಲಿ ಆಟವೆಂದು ತಿಳಿದು ಒಳನುಗ್ಗಿ, ತೂಬು ತೆಗೆಯುತ್ತಿದ್ದ ನಲ್ಲಪ್ಪನವರನ್ನು ಹಿಂದಿನಿಂದ ಹೊಡೆದುಹಾಕಿದ. ಮಾರಕ್ಕನವರು ಸ್ಟೂಲಿನಿಂದ ಎದ್ದು ನಿಂತರು. "ನೀರ್ ಬುಡೋರನ್ನ ಒಡೀತೀಯೇನ್ಲಾ? ನಿನ್ ಗದ್ದೆಗೆ ಈ ವರ್ಸ ನೀರಿಲ್ಲ, ಓಗು!" ಗದ್ದೆಯನ್ನು ಜನ್ಮದಲ್ಲಿ ಕಾಣದ ಆ ಹುಡುಗ, ಹೆಡ್‌ಫೋನ್ ತೆಗೆದಿಟ್ಟು "ಸಾರಿ ಅಜ್ಜಿ" ಎಂದು ಬೆವರಿದ. ಅಷ್ಟರಲ್ಲಿ ತಮ್ಮ ಆಟದ ನಿಯಮದಂತೆ ನಲ್ಲಪ್ಪನವರು ಹತ್ತೇ ಸೆಕೆಂಡಿನಲ್ಲಿ ಜೀವಂತವಾಗಿ ಏರಿಯ ಮೇಲೆ ಎದ್ದು ನಿಂತರು. ಮಾರಕ್ಕನವರು ಮತ್ತೆ ಸ್ಟೂಲಿನ ಮೇಲೆ ಕೂತು, "ಇದೊಂದು ಪಸಂದಾಗೈತೆ ಕಣ್ಲಾ" ಎಂದರು. ಈ ಸೌಲಭ್ಯಕ್ಕಾಗಿ ಅರ್ಜಿದಾರರು ತಮಗೆ ಋಣಿಯಾಗಿದ್ದಾರೆ.

೮. ಈಗ ತೊಡಕಿನ ವಿಚಾರ. ಚಿತ್ರದಲ್ಲಿ ಉಳಿದಿರುವುದು ಒಂದೇ ದೃಶ್ಯ: ನಲ್ಲಪ್ಪನವರು ಕೆಲಸ ಮುಗಿಸಿ ಮನೆಗೆ ಬರುವುದು. ಡಿಸೆಂಬರ್ ಮೂವತ್ತರಂದು ಇನ್ನೂರ ಹನ್ನೆರಡು ಹೆಜ್ಜೆ ನಡೆಸಿ, ಮೆಟ್ಟಿಲ ಬಳಿ ತಂದು ನಿಲ್ಲಿಸಲಾಯಿತು. ಏರಿಯ ಮೇಲೆ ದೂರದಿಂದ ಕಂಡಾಗ ಕೈಯಲ್ಲಿದ್ದದ್ದು ಗುದ್ದಲಿಯಂತೆಯೇ ಕಾಣುತ್ತಿತ್ತು. ಮಾರಕ್ಕನವರ ಕಣ್ಣಿಗೆ ಅಷ್ಟು ಸಾಕಿತ್ತು, ಉಳಿದವರೂ ಬಾಯಿ ಬಿಟ್ಟಿರಲಿಲ್ಲ. ಬಾಗಿಲಲ್ಲಿ ಹತ್ತಿರದಿಂದ ನೋಡಿದರೆ ಬಂದೂಕು. ಮಾರಕ್ಕನವರು ಕೈ ಅಡ್ಡ ಹಿಡಿದರು.

"ತಡಿ. ಇಂಗೆ ಒಸ್ಲು ದಾಟಂಗಿಲ್ಲ."

"ಗೇಮ್ ಅಲ್ವೇನಜ್ಜಿ, ಏನಾಗಲ್ಲ" ಎಂದ ಲೋಕೇಶ.

"ಗುದ್ಲೀನೇ ಒಳೀಕೆ ತತ್ತಿರ್ಲಿಲ್ಲ ಕಣ್ಲಾ. ಬಾಗ್ಲು ಬಲಕ್ಕೆ ಒರಗ್ಸಿ, ಕೈಕಾಲು ತೊಳ್ಕಂಡು, ಬರಿಗೈಲಿ ಒಳೀಕೆ ಬರೋರು. ಕೈಯಾಗೆ ಏನೋ ಇಡ್ಕಂಡು ಬಂದೋರು ನಮ್ಮನೆಯೋರಲ್ಲ."

ಇದೇ ಉಲ್ಲೇಖ ಎರಡರ ಆದೇಶ. ಇದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

೯. ಅರ್ಜಿದಾರರು ಕೈಕಟ್ಟಿ ಕೂತಿಲ್ಲ. ತಮ್ಮ ಆಟದಲ್ಲಿ ಬಂದೂಕು ಬಿಸಾಕುವ ಬಟನ್ ಇದೆ, ನಿಜ. ಒತ್ತಿದರೆ ಬಂದೂಕು ಬೀಳುತ್ತದೆ, ತಕ್ಷಣ ಕೈಗೆ ಚಾಕು ಬರುತ್ತದೆ. ಚಾಕುವನ್ನು ಬಿಸಾಕಲು ಯಾವ ಬಟನ್ನೂ ಇಲ್ಲ. ಹೆಂಡತಿಯ ಮನೆಬಾಗಿಲಿಗೆ ಚಾಕು ಹಿಡಿದು ಬಂದರೆ ಬಂದೂಕಿಗಿಂತ ಕೆಟ್ಟದಾಗಿ ಕಾಣುತ್ತದೆ ಎಂಬುದನ್ನು ತಾವೂ ಸಂಸಾರಸ್ಥರಾಗಿದ್ದರೆ ಒಪ್ಪುವಿರಿ. ನಂತರ ಶ್ರೀಧರನು ಎರಡು ವಾರ ತಿಣುಕಿ ಬಂದೂಕು ಕಾಣದಂತೆ ಮಾಡಿದ. ಆದರೆ ಕೈಗಳು ಮಾತ್ರ ಇಲ್ಲದ ಬಂದೂಕನ್ನು ಹಿಡಿದು ಎತ್ತಿಕೊಂಡೇ ಇದ್ದವು. "ಯಾರ್ ಮದ್ವೇಲಿ ತಟ್ಟೆ ಇಡ್ಕಂಡ್ ನಿಂತವ್ರೆ?" ಎಂದು ಮಾರಕ್ಕನವರು ಕೇಳಿದ ಮೇಲೆ ಶ್ರೀಧರನು ಬಂದೂಕನ್ನು ಮೊದಲಿನಂತೆ ಕಾಣಿಸಿ, ತನ್ನ ಕೆಲಸದ ಬಗ್ಗೆ ಒಂದು ದಿನ ಬೇಸರದಲ್ಲಿದ್ದನು.

೧೦. ತಾವು ಶ್ರೀಧರನ ಟೆಕ್ ಪಾರ್ಕಿನಲ್ಲೇ ಎಲ್ಲೋ ಇರಬಹುದೆಂದು ಬೈರಪ್ಪನವರು ಮತ್ತು ಲೋಕೇಶ ಎರಡನೇ ಗೇಟಿಗೆ ಹೋಗಿ ವಿಚಾರಿಸಿದ್ದಾರೆ. ಅಲ್ಲಿನ ಕಾವಲುಗಾರ ಯಮನಪ್ಪ ಎಂಬವರು, "ಆಟ ಆಡೋ ಮಂದಿ ಒಳಗ ಭಾಳ ಅದಾರ್ರೀ, ಆಟ ಮಾಡೋರು ಯಾರಂತ ನನಗ ಗೊತ್ತಿಲ್ರೀ" ಎಂದರು. ಪೂರ್ತಿ ಕಥೆ ಕೇಳಿ, ತಮ್ಮ ಕೈಯಲ್ಲಿದ್ದ ಕೋಲನ್ನು ತೋರಿಸಿ, "ನಾನೂ ಡ್ಯೂಟಿ ಮುಗದ ಮ್ಯಾಲೆ ಈ ಬಡಿಗಿ ಇಲ್ಲೇ ಇಟ್ಟ ಹೋಗತೀನ್ರೀ. ಮನಿಗೆ ಒಯ್ದರ ಕೂಸು ಅಂಜತೈತಿ" ಎಂದರು. ಇದನ್ನು ಪೂರ್ವನಿದರ್ಶನವೆಂದು ಪರಿಗಣಿಸುವುದು.

೧೧. ನಲ್ಲಪ್ಪನವರು ಮೆಟ್ಟಿಲ ಬಳಿ ಬಂದು ನಿಂತು ಇಂದಿಗೆ ಹತ್ತೊಂಬತ್ತು ದಿನ. ಮೂರನೇ ನಂಬರಿನ ಕಂಪ್ಯೂಟರನ್ನು ಆಫ್ ಮಾಡಿದರೆ ತಾತ ಮತ್ತೆ ತೂಬಿನ ಬಳಿಗೆ ಹೋಗಿಬಿಡುತ್ತಾನೆಂದು ಲೋಕೇಶ ಆರಿಸಿಲ್ಲ. ಯಾರನ್ನೂ ಅದರ ಮುಂದೆ ಕೂರಿಸುವುದೂ ಇಲ್ಲ. ಸುಮ್ಮನೆ ಬಿಟ್ಟರೆ ತಮ್ಮ ಸೈನಿಕರು ನಿಂತಲ್ಲೇ ಸಣ್ಣಗೆ ಉಸಿರಾಡುತ್ತಾರೆ. ಅದನ್ನು ತಾವು ಯಾಕೆ ಮಾಡಿಟ್ಟಿರೋ ತಿಳಿಯದು. ಮಾರಕ್ಕನವರು ಬೆಳಿಗ್ಗೆ ತಿಂಡಿ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತು ಆ ಉಸಿರನ್ನೇ ನೋಡುತ್ತಾರೆ. ಮೊನ್ನೆ ಸ್ಟೂಲನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ಲೋಕೇಶ ಅದನ್ನು ನೋಡಿ ಅಂಗಡಿಯ ಆಚೆ ಹೋಗಿ ನಿಂತ. ಅವನಿಗೆ ಹೆದರಿಕೆಯಾಗಿದೆ, ಮಾನ್ಯರೇ. ಇದನ್ನು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ಮೂವತ್ತೊಂದು ವರ್ಷ ಬರೆದವರಿಗೂ ತಿಳಿಯಲಿಲ್ಲ.

ಆದ್ದರಿಂದ, ಮತ್ತು ಮೇಲ್ಕಂಡ ಎಲ್ಲ ಕಾರಣಗಳಿಂದ, ಒತ್ತಿದ ಕೂಡಲೇ ಬಂದೂಕು ಬಾಗಿಲ ಬಲಕ್ಕೆ ಒರಗುವಂತೆ, ಚಾಕು ಬಾರದಂತೆ, ಎರಡೂ ಕೈಗಳು ತಾವಾಗಿ ಕೆಳಗಿಳಿಯುವಂತೆ ಒಂದು ಬಟನ್ನನ್ನು ಯುಗಾದಿಗೆ ಮೊದಲು ಮಂಜೂರು ಮಾಡಬೇಕೆಂದು ಪ್ರಾರ್ಥನೆ. ಬೇರೆ ಯಾವ ಸೈನಿಕರಿಗೂ ಈ ಬಟನ್ ಬೇಡವೆಂದಾದರೆ ನಲ್ಲಪ್ಪನವರೊಬ್ಬರಿಗೇ ಕೊಟ್ಟರೂ ಆಕ್ಷೇಪಣೆ ಇಲ್ಲ. ಆದರೆ ಬೇರೆಯವರಿಗೂ ಮನೆ ಇರಬಹುದು.

ಉತ್ತರ ಬರುವವರೆಗೆ
ತಮ್ಮ ವಿಶ್ವಾಸಿ,
ಲೋಕೇಶ್ (ಸಹಿ)
ಮಾರಕ್ಕ (ಎಡಗೈ ಹೆಬ್ಬೆಟ್ಟು)

ಅಡಕಗಳು:
೧) ಸಿ.ಡಿ. ಒಂದು (ನಕಲಿನ ನಕಲು).
೨) ತಯಾರಾದಷ್ಟು ಚಿತ್ರ, ಹನ್ನೊಂದು ನಿಮಿಷ.
೩) ಗುದ್ದಲಿ ಒರಗಿಸುವ ಜಾಗದ ನಕ್ಷೆ, ಪೆನ್ಸಿಲಿನಲ್ಲಿ.
೪) ಕಣ್ಣಿನ ಡಾಕ್ಟರ ಚೀಟಿಯ ಜೆರಾಕ್ಸ್.
೫) ಕಾಲು ತೊಳೆಯಲು ನೀರು, ಒಂದು ಚೊಂಬು. ಅಂಚೆಯಲ್ಲಿ ಕಳಿಸಲಾಗದ್ದರಿಂದ ಮೂರನೇ ನಂಬರಿನ ಪಕ್ಕದಲ್ಲೇ ಇದೆ. ಕರೆಂಟಿನ ವೈರಿಗೆ ತಾಗೀತೆಂದು ಲೋಕೇಶ ತೆಗೆದಿಡುತ್ತಾನೆ, ಮಾರಕ್ಕನವರು ಮತ್ತೆ ತಂದಿಡುತ್ತಾರೆ.

ವಿಶೇಷ ಸೂಚನೆ: ಅರ್ಜಿಯನ್ನು ಪೂರ್ತಿ ಓದಿ ಹೇಳಿದ ಮೇಲೆ, ಹೆಬ್ಬೆಟ್ಟು ಒತ್ತುವ ಮುನ್ನ ಮಾರಕ್ಕನವರು ಸೇರಿಸಲು ಹೇಳಿದ್ದನ್ನು ತಿದ್ದದೆ ಇಲ್ಲಿ ಬರೆದಿದೆ: "ಬಟನ್ ಮಾಡೋದು ತಡ ಆಗ್ತದೆ ಅಂದ್ರೆ, ಅಲ್ಲೀಗಂಟ ಅವ್ರನ್ನ ಮೆಟ್ಲ ಮ್ಯಾಲೆ ಒಸಿ ಕೂರ್ಸಿ. ಬಂದಾಗಿಂದ ನಿಂತೇ ಅವ್ರೆ."