ಶ್ರೀ ಕರುಣಾವರ್ಧಿನಿ ಆಸ್ಪತ್ರೆಯೂ ದೇಶದ ಆದಾಯವೂ

ಚಿಂತಾಮಣಿಯ ಶ್ರೀ ಕರುಣಾವರ್ಧಿನಿ ಧರ್ಮಾಸ್ಪತ್ರೆಯಲ್ಲಿ ಆಪರೇಷನ್ ಆದ ರೋಗಿಗೆ ಉಸಿರಾಟದ ತೊಂದರೆ ಬಂದರೆ ಅದಕ್ಕೆ ಭಾರತ ದೇಶವೇ ಹೊಣೆ. ಈ ಸಂಗತಿ ೨೦೦೭ರಲ್ಲಿ ಆಡಳಿತ ಮಂಡಳಿಯ ಗಮನಕ್ಕೆ ಬಂದಿತು. ಅಲ್ಲಿಯವರೆಗೆ ಆಸ್ಪತ್ರೆಯೇ ಹೊಣೆಯೆಂಬ ತಪ್ಪು ತಿಳುವಳಿಕೆ ಜನರಲ್ಲಿತ್ತು.

ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಮುನಿಗಂಗಮ್ಮನವರ ಪಿತ್ತಕೋಶದ ಕಲ್ಲನ್ನು ಆ ವರ್ಷ ಇಲ್ಲಿ ತೆಗೆಯಲಾಯಿತು. ಅರಿವಳಿಕೆ ತಜ್ಞರ ಹುದ್ದೆ ಖಾಲಿಯಿದ್ದುದರಿಂದ ಹಲ್ಲಿನ ಡಾಕ್ಟರೇ ಪ್ರಭಾರ ವಹಿಸಿಕೊಂಡು ಆಕೆಯ ಪ್ರಜ್ಞೆ ತಪ್ಪಿಸಿದರು. ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುವ ಯಂತ್ರವೊಂದು ಆಸ್ಪತ್ರೆಯಲ್ಲಿತ್ತು; ಬಳಸಿದರೆ ಕೆಟ್ಟೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿತ್ತು. ಕಲ್ಲು ಹೊರಬಂತು. ಆಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲಿ, ಕೂತರೂ ಮಲಗಿದರೂ ಆಕೆಗೆ ಉಸಿರು ಸಿಗದಂತಾಯಿತು.

ಗಂಡ ವೆಂಕಟರವಣಪ್ಪ ಆಸ್ಪತ್ರೆಯ ಮುಖ್ಯಸ್ಥ ಡಾ. ಚನ್ನಕೇಶವ ಅವರ ಕೋಣೆಗೆ ಹೋದರು. ಡಾಕ್ಟರು ಆಗಷ್ಟೇ ಬೆಂಗಳೂರಿನ ವೈದ್ಯರ ಸಮ್ಮೇಳನದಿಂದ ಬಂದಿದ್ದರು.

"ಹೊಟ್ಟೆನೋವು ಅಂತ ಕರ್ಕೊಂಡ್ ಬಂದೆ ಸಾರ್. ಈಗ ಉಸಿರಾಡಕ್ಕೇ ಆಗ್ತಿಲ್ಲ ಅವಳಿಗೆ."

"ಕೂತ್ಕೊಳಪ್ಪ. ಆದಾಯ ಕಡಿಮೆ ಇರೋ ದೇಶಗಳಲ್ಲಿ ಅರಿವಳಿಕೆ ಕೊಟ್ಟಮೇಲೆ ಶ್ವಾಸಕೋಶದ ತೊಂದರೆ ಜಾಸ್ತಿ ಅಂತೆ. ಸಮ್ಮೇಳನದಲ್ಲೇ ಹೇಳಿದ್ರು. ನಮ್ದು ಯಾವ ದೇಶ?"

"ಇಂಡಿಯಾ ಸಾರ್."

"ನೋಡು, ನೀನೇ ಒಪ್ಕೊಂಡೆ."

ಮರುದಿನ ವಾರ್ಡಿನ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: "ಶಸ್ತ್ರಚಿಕಿತ್ಸೆಯ ನಂತರದ ಕೆಮ್ಮು, ಕಫ, ಏದುಸಿರು ಇತ್ಯಾದಿಗಳು ರಾಷ್ಟ್ರೀಯ ಆದಾಯಕ್ಕೆ ಸಂಬಂಧಪಟ್ಟ ವಿಷಯಗಳಾಗಿರುವುದರಿಂದ ಆ ಬಗ್ಗೆ ಸಿಬ್ಬಂದಿಯನ್ನು ಪ್ರಶ್ನಿಸುವುದನ್ನು ನಿಷೇಧಿಸಲಾಗಿದೆ. ದೇಶದ ಬಗ್ಗೆ ಗೌರವವಿರಲಿ."

ಅದೇ ವಾರ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಹರ್ನಿಯಾ ಆಪರೇಷನ್ ನಿಗದಿಯಾಯಿತು. ಅರಿವಳಿಕೆ ತಜ್ಞರು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ಬೀರುವಿನ ಯಂತ್ರ ಹೊರಬಂದು ಅಧ್ಯಕ್ಷರ ಬೆರಳೇರಿತು. ಮುನ್ನೆಚ್ಚರಿಕೆಯಾಗಿ, ಮುನಿಗಂಗಮ್ಮನವರ ಮಂಚದ ಪಕ್ಕದ ಆಕ್ಸಿಜನ್ ಸಿಲಿಂಡರನ್ನೂ ಉರುಳಿಸಿಕೊಂಡು ಹೋದರು. ವೆಂಕಟರವಣಪ್ಪ ಸಿಲಿಂಡರನ್ನು ಹಿಡಿದುಕೊಂಡೇ ಆಪರೇಷನ್ ಥಿಯೇಟರಿನ ಬಾಗಿಲ ತನಕ ಹೋದರು.

"ಅಧ್ಯಕ್ಷರ್ದೂ ಇದೇ ದೇಶ ಅಲ್ವಾ ಸಾರ್?"

"ಇವತ್ತು ಸಂಜೆವರೆಗೆ ಥಿಯೇಟರು ಅಧಿಕ ಆದಾಯದ ದೇಶ ಅಂತ ಮಂಡಳಿ ತೀರ್ಮಾನ ಮಾಡಿದೆ" ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿದರು. "ನೀನು ಗಡಿ ದಾಟಿ ನಿಂತಿದೀಯ. ಅದೂ ಚಪ್ಪಲಿ ಹಾಕ್ಕೊಂಡು."

ವೆಂಕಟರವಣಪ್ಪ ಕೈಬಿಟ್ಟು ವಾರ್ಡಿಗೆ ಮರಳಿದರು. ಹೆಂಡತಿಯನ್ನು ಎದೆಗೆ ಒರಗಿಸಿಕೊಂಡು ಟವಲಿನಿಂದ ಗಾಳಿ ಬೀಸಿದರು. ಆಕೆಯ ಉಗುರುಗಳು ನೀಲಿಯಾಗುವುದನ್ನು ನೋಡಲಾರದೆ ಆ ಕೈಗಳನ್ನು ಆಕೆಯ ಸೆರಗಿನಿಂದ ಮುಚ್ಚಿದರು. ಕತ್ತಲಾದ ಮೇಲೆ ಸಿಲಿಂಡರು ಸ್ವದೇಶಕ್ಕೆ ವಾಪಸಾಯಿತು.

ಅಧ್ಯಕ್ಷರು ನಡೆದುಕೊಂಡೇ ಮನೆಗೆ ಹೋದರು. ಮುನಿಗಂಗಮ್ಮನವರೂ ಬದುಕಿದರು, ಆದರೆ ನಾಲ್ಕು ಹೆಜ್ಜೆ ಇಟ್ಟರೆ ಕೂರಬೇಕಾಗುತ್ತಿತ್ತು.

"ದೇಶ ಬೆಳೀತಿದೆ ಕಣಮ್ಮ. ನಿಧಾನಕ್ಕೆ ನೀನೂ ಸರಿಹೋಗ್ತೀಯ" ಎಂದು ಡಾಕ್ಟರು ಬೀಳ್ಕೊಟ್ಟರು.

"ಅಲ್ಲೀಗಂಟ ಹುಳಕ್ಕೆ ಸೊಪ್ಪು ಯಾರು ಹಾಕೋದು ಸಾರ್?" ಎಂದರು ಆಕೆ.

ಪ್ರಶ್ನೆ ರೇಷ್ಮೆ ಇಲಾಖೆಗೆ ಸಂಬಂಧಪಟ್ಟಿದ್ದರಿಂದ ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಊರಿನಲ್ಲಿ ನೋಡಲು ಬಂದವರು ಏನಾಯಿತೆಂದು ವಿಚಾರಿಸಿದರು.

"ದೇಶದ ಆದಾಯ ಸಾಲ್ಲಿಲ್ವಂತೆ. ಅಧ್ಯಕ್ಷರ ಆಪರೇಷನ್ ದಿನ ಮಾತ್ರ ಸಾಕಾಗಿತ್ತು" ಎಂದರು ವೆಂಕಟರವಣಪ್ಪ.

ಎಲ್ಲರೂ ತಲೆದೂಗಿದರು. ಪಕ್ಕದ ಮನೆಯ ಗಂಗುಲಮ್ಮನ ಸೊಸೆಗೂ ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕಿತ್ತು. ಮಂಡಳಿಯವರಲ್ಲಿ ಇನ್ನು ಯಾರಿಗೆ ಕಾಯಿಲೆ ಬರುವ ಹಾಗಿದೆ ಎಂದು ಗಂಗುಲಮ್ಮ ಕೇಳಿದರು. ಖಜಾಂಚಿಯವರಿಗೆ ಮೂಲವ್ಯಾಧಿ ಇದೆಯೆಂದು ಯಾರೋ ಹೇಳಿದರು. ಹಾಗಾದರೆ ಅವರ ಆಪರೇಷನ್ ದಿನದವರೆಗೆ ಕಾಯುವುದೇ ಸರಿಯೆಂದು ಎಲ್ಲರೂ ಒಪ್ಪಿದರು.