ಮೊಣಕಾಲು ದಾಟಬಾರದ ಚೆಂಡು

ಕಾನ್ವೆಂಟಿನಲ್ಲಿ ಓದುವಾಗ ನಾನು ಫುಟ್‌ಬಾಲ್ ಆಡುತ್ತಿದ್ದೆ ಎಂದರೆ ತುಮಕೂರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಹಾಗಾಗಿ ನಮ್ಮ ಬೀದಿಯ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಬಂದು, “ನಮ್ಮ ಹುಡುಗೀರಿಗೆ ಆಟ ಕಲಿಸ್ತೀರಾ?” ಎಂದಾಗ, ಒಗ್ಗರಣೆ ಸೌಟು ಹಿಡಿದುಕೊಂಡೇ ಒಪ್ಪಿಬಿಟ್ಟೆ. ಒಂದೇ ಷರತ್ತು. ಗುಬ್ಬಿ ಊರಿನ ಶಾಲೆಯ ಹುಡುಗಿಯರ ಜತೆಗಿನ ಪಂದ್ಯದಲ್ಲಿ ಸೋಲದಿದ್ದರೆ ಫುಟ್‌ಬಾಲ್ ಪೀರಿಯಡ್ ಉಳಿಯುತ್ತದೆ. ಸೋತರೆ ಆ ಹೊತ್ತಿಗೆ ಕಸೂತಿ.

“ಆಡೋದು ಬೇರೆ, ಆಡ್ಸೋದು ಬೇರೆ ಕಣೇ,” ಎಂದರು ನಮ್ಮ ಯಜಮಾನರು, ಸೈಕಲ್ ಪಂಪಿನಿಂದ ಚೆಂಡಿಗೆ ಗಾಳಿ ಹೊಡೆಯುತ್ತ.

“ನಿಮಗೇನ್ರೀ ಗೊತ್ತು? ನಾನು ಸೆಂಟರ್ ಫಾರ್ವರ್ಡು!”

ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದ ಸಕಲ ವಿದ್ಯೆಯನ್ನೂ ಹುಡುಗಿಯರಿಗೆ ಧಾರೆಯೆರೆದೆ. ಪ್ರಥಮ ನಿಯಮ: ಚೆಂಡು ಮೊಣಕಾಲು ದಾಟಿ ಮೇಲೆ ಹಾರಬಾರದು. ಹಾರಿದರೆ ಎಲ್ಲರೂ ನಿಂತು ಕೈ ಎತ್ತಬೇಕು.

ಪಂದ್ಯದ ದಿನ ಗುಬ್ಬಿಯ ಹುಡುಗಿಯರು ಜಡೆ ಮಡಚಿ ಕಟ್ಟಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬಂದಿದ್ದರು. ಸೀಟಿ ಮೊಳಗಿತು. ಅವರ ಮೊದಲ ಒದೆತಕ್ಕೇ ಚೆಂಡು ಆಕಾಶಕ್ಕೆ! ನಮ್ಮವರೆಲ್ಲ ಶಿಲಾಬಾಲಿಕೆಯರಂತೆ ನಿಂತು ಕೈ ಎತ್ತಿದರು. ಗೋಲು. ಮತ್ತೆ ಎತ್ತಿದರು. ಮತ್ತೊಂದು ಗೋಲು!

ಸೀಟಿ ಹಿಡಿದ ಡ್ರಿಲ್ ಮಾಸ್ತರು ಓಡಿಬಂದರು. “ಏನಮ್ಮಾ, ನಿಮ್ ಹುಡ್ಗೀರು ಹಾಜರಿ ಕೊಡ್ತಾವ್ರಾ?”

“ಚೆಂಡು ಮೊಣಕಾಲು ದಾಟಿತಲ್ಲ ಸಾರ್. ಫೌಲು!”

“ಯಾವೂರ್ ರೂಲ್ಸಮ್ಮ ಇದು?”

ಆಗ ಹೊಳೆಯಿತು. ಕಾನ್ವೆಂಟಿನಲ್ಲಿ ಎತ್ತರದ ಚೆಂಡಿಗೆ ಕಾಲೆತ್ತಿದರೆ ನಮ್ಮ ಸ್ಕರ್ಟೂ ಮೇಲೇಳುತ್ತಿತ್ತು! ಸಿಸ್ಟರ್ ಮಾಡಿದ್ದು ಫುಟ್‌ಬಾಲಿನ ನಿಯಮವಲ್ಲ, ಮರ್ಯಾದೆಯ ನಿಯಮ. ಕಾಂಪೌಂಡು ದಾಟಿ ಆಡದ ನನಗೆ ಅದು ತಿಳಿಯುವುದಾದರೂ ಹೇಗೆ?

ವಿರಾಮದಲ್ಲಿ ತಲೆ ತಗ್ಗಿಸಿ ವಿಷಯ ಹೇಳಿದೆ. ನಮ್ಮ ಕ್ಯಾಪ್ಟನ್, ಹೆಬ್ಬೂರಿನ ಸಾವಿತ್ರಿ, ಕಣ್ಣರಳಿಸಿದಳು. “ಹಂಗಾರೆ ಎಷ್ಟೆತ್ರ ಬೇಕಾದ್ರೂ ಒದೀಬೋದಾ?”

“ಒದೀರಮ್ಮ.”

“ಅದ್ನ ಮೊದ್ಲೇ ಹೇಳ್ಬಾರ್ದಾ ಅಮ್ಮಾ! ನಮ್ಮಟ್ಟಿ ತಾವ ದಿನಾ ಹಂಗೇ ಒದೆಯಾದು. ನೀವು ಸುಮ್ಕೆ ಕೂತ್ಕಳಿ ಬುಡಿ.”

ನಾನು ಸುಮ್ಮನೆ ಕೂತೆ. ತರಬೇತುದಾರಳಾಗಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ! ಹುಡುಗಿಯರು ಎರಡೂ ಗೋಲು ತೀರಿಸಿದರು. ಕೊನೆಯದು ಎಲ್ಲರ ತಲೆ ಮೇಲಿಂದ ಹಾರಿ ಒಳಗೆ ಬಿದ್ದಾಗ, ಮೈದಾನದಲ್ಲಿ ಒಬ್ಬಳು ಮಾತ್ರ ಅಭ್ಯಾಸಬಲದಿಂದ ಕೈ ಎತ್ತಿದ್ದಳು. ನಾನು.

“ಕೈ ಇಳ್ಸೇ ಮಾರಾಯ್ತಿ,” ಎಂದರು ಪಂದ್ಯ ನೋಡಲು ಬಂದಿದ್ದ ಯಜಮಾನರು.

ಪಂದ್ಯ ಸಮವಾಯಿತು, ಪೀರಿಯಡ್ ಉಳಿಯಿತು. ಈಗ ಅದನ್ನು ಸಾವಿತ್ರಿಯೇ ನಡೆಸುತ್ತಾಳೆ. ಹೆಡ್‌ಮಿಸ್ಟ್ರೆಸ್ ಬಹಳ ನಯವಾಗಿ, “ಶನಿವಾರ ಕಸೂತಿ ಕಲಿಸ್ತೀರಾ?” ಎಂದು ಕೇಳಿದರು. ಒಪ್ಪಿಕೊಂಡೆ.

ಕಸೂತಿಯನ್ನೂ ನನಗೆ ಕಲಿಸಿದ್ದು ಅದೇ ಸಿಸ್ಟರ್. ಅದನ್ನು ಮಾತ್ರ ಹೆಡ್‌ಮಿಸ್ಟ್ರೆಸ್‌ಗೆ ಹೇಳಿಲ್ಲ!