ಎಲ್ಲರಿಗೂ ಒಂದನೇ ಸರದಿ

ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವವಳು. ಆ ಮಂಗಳವಾರದ ಪುಟದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಸಾಧನೆ’ ಎಂದಿದೆ. ಅದನ್ನು ಇನ್ನೂ ಹೊಡೆದು ಹಾಕಿಲ್ಲ. ಅರ್ಧ ನಿಜವಲ್ಲವೇ!

ಸಿಂಧನೂರಿನಲ್ಲಿ ನಮ್ಮಕ್ಕನ ಗಂಡ ಅಮರೇಶ ಮಾವ ಭತ್ತ ಕೊಯ್ಯುವ ಮಷೀನು ಬಾಡಿಗೆಗೆ ಕೊಡುತ್ತಾರೆ. ಸುಗ್ಗಿ ಬಂತೆಂದರೆ ಯಾರ ಗದ್ದೆ ಮೊದಲು ಎಂಬ ಜಗಳ. ಈ ಸಲ ಸರದಿಯನ್ನು ಕಂಪ್ಯೂಟರ್ ಹಚ್ಚುತ್ತದೆ, ಎಲ್ಲರ ಮೊಬೈಲಿಗೂ ಮೆಸೇಜ್ ಬರುತ್ತದೆ ಎಂದು ಮಾವ ರೈತರಿಗೆ ಮಾತು ಕೊಟ್ಟಿದ್ದರು. ಮಾತು ತಪ್ಪಿದರೆ ಅವರು ಬೇರೆಯವರ ಮಷೀನು ಕರೆಸುತ್ತಿದ್ದರು; ಮಾವನ ಸುಗ್ಗಿ ಅಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ ಕಂಪ್ಯೂಟರ್ ಕಲಿತವಳು ನಾನೊಬ್ಬಳೇ. ಮಾತು ಅವರದು, ಹೊಣೆ ನನ್ನದು!

ನಾನು ಬರೆದ ಪ್ರೋಗ್ರಾಮಿಗೂ ಹೆಸರುಗಳನ್ನು ಕೂಡಿಡುವ ಡೇಟಾಬೇಸಿಗೂ ನಡುವೆ ಓಆರ್‌ಎಂ ಎಂಬ ದುಭಾಷಿ ಇತ್ತು. ಮಹಾ ಶಿಸ್ತಿನ ಪ್ರಾಣಿ. ಒಬ್ಬ ರೈತನ ಹೆಸರು ಒಯ್ಯುವುದು, ಒಪ್ಪಿಸುವುದು, ವಾಪಸ್ ಬರುವುದು, ಮತ್ತೊಂದು ಒಯ್ಯುವುದು. ಸಾವಿರ ಹೆಸರಿಗೆ ಅರ್ಧ ಗಂಟೆ!

ಮಾವ ಬೆನ್ನ ಹಿಂದೆ ನಿಂತು ನೋಡಿದರು. “ಇಷ್ಟೊತ್ತಿನಾಗ ನಮ್ಮ ಮಷೀನ್ ಒಂದೆಕರೆ ಕೊಯ್ದು ಮುಗಿಸ್ತದ, ಸುಮಾ.”

ಅವಮಾನವಾಯಿತು. ಓದಿ, ಹುಡುಕಿ, ಎಲ್ಲ ಹೆಸರನ್ನೂ ಒಂದೇ ಗಂಟಿನಲ್ಲಿ ಕಳಿಸುವ ದಾರಿ ಕಂಡುಕೊಂಡೆ. ಗುಂಡಿ ಒತ್ತಿದೆ. ನಾಲ್ಕು ಸೆಕೆಂಡ್! ಕೆಂಪು ಪೆನ್ನು ತೆಗೆದದ್ದು ಆಗಲೇ. ಅದೇ ಹುಮ್ಮಸ್ಸಿನಲ್ಲಿ ಮೆಸೇಜುಗಳನ್ನೂ ಬಿಟ್ಟೆ.

ಕೂಡಲೇ ಫೋನು ಬಂತು. “ತಂಗಿ, ನಾ ಮಸ್ಕಿ ಬಸಣ್ಣ. ನಮ್ಮ ಗದ್ದಿ ಮೊದಲ್ ಹಾಕೀದಿ. ನಿನ್ನ ಹೊಟ್ಟಿ ತಣ್ಣಗಿರಲಿ!”

“ನಂದೇನಿಲ್ಲರೀ, ಎಲ್ಲಾ ಕಂಪ್ಯೂಟರ್ ಮಾಡ್ಯದ,” ಎಂದು ವಿನಯದಿಂದ ನುಡಿದೆ.

ಫೋನಿನ ಮೇಲೆ ಫೋನು. ಎಲ್ಲರದೂ ಆಶೀರ್ವಾದವೇ. ಡೈರಿಯಲ್ಲಿ ‘ಹೊಗಳಿಕೆ’ ಎಂದು ಹೊಸ ಕಾಲಂ ಎಳೆದು ಗೀಟು ಹಾಕುತ್ತ ಹೋದೆ. ಇಷ್ಟು ಜನ ಯಾಕೆ ಇಷ್ಟು ಖುಷಿಯಾಗಿದ್ದಾರೆಂದು ಕೇಳಿಕೊಳ್ಳುವ ಬುದ್ಧಿ ಮಾತ್ರ ಬರಲಿಲ್ಲ.

ಮಾವ ಬಾಗಿಲಲ್ಲಿ ಕಾಣಿಸಿಕೊಂಡರು. “ಸುಮಾ, ಒಂದನೇ ನಂಬರಿನವರು ಬಂದಾರ.”

“ಕೂಡ್ಸ್ರಿ ಮಾವ.”

“ಎಲ್ಲಿ ಕೂಡ್ಸ್ಲಿ ಬೇ? ರಸ್ತೆ ತುಂಬ್ಯಾದ!”

ಹೆಸರು ಒಂದೊಂದಾಗಿ ಹೋಗುವಾಗ ಸರದಿಯ ನಂಬರು ಹಚ್ಚುವ ಕೆಲಸವೂ ಆ ದುಭಾಷಿಯ ದಾರಿಯಲ್ಲೇ ನಡೆಯುತ್ತಿತ್ತು. ಗಂಟಿನ ದಾರಿಯಲ್ಲಿ ಆ ಕೆಲಸ ನಡೆಯುವುದೇ ಇಲ್ಲ! ಜಾಗ ಖಾಲಿ ಇರಬಾರದೆಂದು ನಾನೇ ಮೊದಲು ತುಂಬಿಟ್ಟಿದ್ದ ‘೧’ ಎಲ್ಲರಿಗೂ ಉಳಿದುಬಿಟ್ಟಿತ್ತು. ಸಾವಿರ ರೈತರು, ಸಾವಿರ ಮಂದಿಯೂ ಮೊದಲನೆಯವರು. ಇಂಥ ಸಮಾನತೆಯನ್ನು ನಾಲ್ಕು ಸೆಕೆಂಡಿನಲ್ಲಿ ತಂದವರು ಬೇರೆ ಯಾರಿದ್ದಾರೆ?

“ಬರೇ ಹತ್ತು ನಿಮಿಷ ತಡೀರಿ!” ಎಂದು ಜನಕ್ಕೆ ಕೈಮುಗಿದು ಒಳಗೆ ಓಡಿದೆ. ಹಳೆಯದನ್ನು ಅಳಿಸಿ, ನಂಬರುಗಳನ್ನು ಮೊದಲೇ ಹಚ್ಚಿ, ಆಮೇಲೆ ಗಂಟು ಕಟ್ಟಿದೆ. ಮತ್ತೆ ನಾಲ್ಕೇ ಸೆಕೆಂಡ್! ಈ ಸಲ ಪ್ರತಿಯೊಂದೂ ಸರಿ. ಹೊಸ ಮೆಸೇಜು ಹೋಯಿತು. ರಸ್ತೆಯಲ್ಲಿ ಗೊಣಗಾಟ ಎದ್ದಿತು, ನಿಧಾನಕ್ಕೆ ಕರಗಿತು.

ನಿಜವಾದ ಒಂದನೇ ನಂಬರು ಬಳಗಾನೂರಿನ ಹನುಮವ್ವನದು. ಆಕೆಯೇ ಫೋನು ಮಾಡಿದಳು. “ಮುಂಜಾನೆ ಒಂದು ಅಂದಿ, ಈಗೂ ಒಂದು ಅಂತಿ. ಊರಿಗೆಲ್ಲಾ ಒಂದೇ ಕೊಟ್ಟೀಯಂತ. ನಾ ನಂಬಂಗಿಲ್ಲವಾ. ಆಚೆ ಮನಿಯವ್ರ ಮಷೀನ್‌ಗೆ ಹೇಳಾಕತ್ತೀನಿ.”

“ಮೊದಲ್ನೇ ಗಿರಾಕಿನ ಹೋದ್ರ ಉಳದವ್ರು ನಿಲ್ತಾರೇನು?” ಎಂದರು ಮಾವ. “ಮಷೀನ್ ಹೊಂಟದ. ಡ್ರೈವರನ ಜೋಡಿ ನೀನೂ ಕುಂತು ಹೋಗು. ನಿನ್ನ ನೋಡಿದ್ರರ ನಂಬ್ತಾಳ.”

ಕುಂಟುತ್ತ ಸಾಗುವ ಆ ಮಷೀನಿನ ಮೇಲೆ, ಬಸ್ಸಿನವರೆಲ್ಲ ಇಣುಕಿ ನೋಡುವಂತೆ, ಬಳಗಾನೂರು ಮುಟ್ಟಿದೆ. ಮಷೀನು ಗದ್ದೆಗಿಳಿಯಿತು. ಹನುಮವ್ವ ಬಾಯಿತುಂಬ ನಕ್ಕಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಡ್ರೈವರನನ್ನು ಕೇಳಿದಳು:

“ಮಷೀನ್ ಬಂತು, ನೀ ಬಂದಿ. ಈಕಿ ಯಾಕ್ ಬಂದಾಳ?”

“ಈಕಿನಾ? ಒಂದನೇ ನಂಬರಿನ ರಸೀದಿರೀ, ಅವ್ವಾ!”

ನಾಲ್ಕು ಸೆಕೆಂಡಿನ ಸಾಧಕಿ, ತಲೆತುಂಬ ಧೂಳು ಹೊತ್ತ ರಸೀದಿಯಾಗಿ ಬದುವಿನ ಮೇಲೆ ನಿಂತಿದ್ದೆ!